ಬರಿದಾದ ತೊಟ್ಟಿಲು: ಹೇಳಿದ್ದು, ಹೇಳದೆ ಉಳಿದದ್ದು

ಧರ್ಮಸಭೆಯು 2008ರಲ್ಲಿ ಹೊರತಂದ ‘ಡಿಗ್ನಿಟಾಸ್ ಪರ್ಸೋನೆ’ ಎಂಬ ಬೋಧನಾಪತ್ರವು ಇಂದಿಗೂ ಓದತಕ್ಕದ್ದು. ಪತಿಯ ವೀರ್ಯದಲ್ಲಿ ವೀರ್ಯಾಣುಗಳೇ ಇಲ್ಲದಿದ್ದಾಗ, ವೈದ್ಯರು ಸೂಜಿಯಿಂದಲೋ ಶಸ್ತ್ರಕ್ರಿಯೆಯಿಂದಲೋ ಅವನ್ನು ವೃಷಣದಿಂದ ತೆಗೆಯುತ್ತಾರೆ. 1992ರಿಂದ ಬಳಕೆಗೆ ಬಂದ ‘ಇಕ್ಸಿ’ ವಿಧಾನದಲ್ಲಿ ಒಂದೊಂದು ಅಂಡಾಣುವಿನೊಳಕ್ಕೂ ಒಂದೇ ವೀರ್ಯಾಣುವನ್ನು ಸೇರಿಸುತ್ತಾರೆ. ದಾಂಪತ್ಯದ ಮಿಲನದಿಂದ ಸಂತಾನವನ್ನು ಬೇರ್ಪಡಿಸುತ್ತದೆಂದು ಪತ್ರವು ಇದನ್ನು ಒಪ್ಪುವುದಿಲ್ಲ. ಆದರೆ ವೈದ್ಯಕೀಯದ ಬಾಗಿಲನ್ನೇ ಅದು ಮುಚ್ಚಿಲ್ಲ. ಹಾರ್ಮೋನು ಚಿಕಿತ್ಸೆ, ಮುಚ್ಚಿದ ಗರ್ಭನಾಳವನ್ನು ತೆರೆಯುವ ಶಸ್ತ್ರಕ್ರಿಯೆ ಮೊದಲಾದವು ಅದಕ್ಕೆ ಸಮ್ಮತ, ದತ್ತುಸ್ವೀಕಾರಕ್ಕೂ ಪ್ರೋತ್ಸಾಹವಿದೆ. ಈ ಸಮತೋಲನವೇ ಅದರ ಹಿರಿಮೆ.

ಕೊರತೆಯೂ ಒಂದುಂಟು. ದಂಪತಿಗಳ ನೋವನ್ನು ಬಲ್ಲ ಪತ್ರವು ಆ ನೋವಿನ ಹಂಚಿಕೆಯ ಅನ್ಯಾಯವನ್ನು ಗಮನಿಸದು. ದೋಷ ಪತಿಯದಾದರೂ ಚುಚ್ಚುಮದ್ದುಗಳನ್ನೂ ಅಂಡಾಣು ತೆಗೆಯುವ ಯಾತನೆಯನ್ನೂ ಸಹಿಸುವವಳು ಪತ್ನಿ. ‘ಬಂಜೆ’ ಎಂಬ ಮಾತು ಬೀಳುವುದೂ ಅವಳ ಮೇಲೆಯೇ. ಎಲಿಜಬೇತಳು ಅನುಭವಿಸಿದ ನಿಂದೆ ಇಂದಿಗೂ ತೀರಿಲ್ಲ.

ಆದುದರಿಂದ, ದೇವಾಲಯದ ಅಂಗಳದಲ್ಲಿ ಹೊಸ ಸೊಸೆಯನ್ನು ‘ಏನಾದರೂ ವಿಶೇಷವೇ?’ ಎಂದು ಕೇಳುವ ಮುನ್ನ ತುಸು ತಡೆಯಿರಿ. ಮಗನೂ ಸಂಕೋಚ ತೊರೆದು ಪರೀಕ್ಷೆಗೆ ಒಳಗಾಗಲಿ. ಮಗು ವರವೇ ಹೊರತು ಹಕ್ಕಲ್ಲ ಎಂದು ಬೋಧಿಸುವ ನಾವು, ಆ ವರ ದೊರೆಯದವರನ್ನು ಅಪರಾಧಿಗಳಂತೆ ಕಾಣುವುದು ಸಲ್ಲದು.