ಬ್ರಿಟಿಷ್ ಸಿನಿಮಾದ ಒಂಟಿತನ ಮತ್ತು ಅದರ ಪ್ರೇಕ್ಷಕರು

ಒಂಟಿತನವನ್ನೇ ವಸ್ತುವಾಗಿಸಿಕೊಂಡು, ಸಣ್ಣ ಬಂಡವಾಳದಲ್ಲಿ, ನಿಧಾನ ಲಯದಲ್ಲಿ ಸಾಗುವ ಚಿತ್ರಗಳ ಪರಂಪರೆಯೊಂದು ಬ್ರಿಟನ್ನಿನಲ್ಲಿ 1950ರ ದಶಕದಿಂದ ಬೆಳೆದುಬಂದಿದೆ. ಈ ಚಿತ್ರಗಳಲ್ಲಿ ಹೆಚ್ಚಿನವಕ್ಕೆ ಸಿಕ್ಕ ಪ್ರೇಕ್ಷಕರು ಕಡಿಮೆ, ಸಿಕ್ಕವರಲ್ಲೂ ಒಮ್ಮತವಿಲ್ಲ. ಕೆಲವರು ಅವನ್ನು ವರ್ಷಗಟ್ಟಲೆ ಮರೆಯುವುದಿಲ್ಲ, ಉಳಿದವರು ಏನೂ ನಡೆಯುವುದಿಲ್ಲವೆಂದು ಅರ್ಧಕ್ಕೇ ಎದ್ದುಹೋಗುತ್ತಾರೆ. ಈ ದೂರನ್ನು ಅಭಿರುಚಿಯ ಕೊರತೆಯೆಂದು ತಳ್ಳಿಹಾಕುವ ವಿಮರ್ಶಕರಿದ್ದಾರೆ. ಅದು ನ್ಯಾಯವಲ್ಲ. ಏನೂ ನಡೆಯದಿರುವುದು ಈ ಪರಂಪರೆಯ ಉದ್ದೇಶವೇ ಆಗಿದೆ. ಆ ಉದ್ದೇಶ ಯಾವ ಚಿತ್ರದಲ್ಲಿ ಫಲಿಸಿದೆ, ಯಾವುದರಲ್ಲಿ ಬರೀ ಅಭ್ಯಾಸವಾಗಿ ಉಳಿದಿದೆ ಎಂಬುದನ್ನು ಬೇಸತ್ತ ಪ್ರೇಕ್ಷಕ ಕೆಲವೊಮ್ಮೆ ವಿಮರ್ಶಕನಿಗಿಂತ ಮೊದಲೇ ಗುರುತಿಸುತ್ತಾನೆ.

ಆರಂಭದ ಮುಖ್ಯ ಚಿತ್ರವನ್ನು ಮಾಡಿದವರು ಇಟಲಿಯಿಂದ ಬಂದ ಲೊರೆಂಜಾ ಮಜ್ಜೆಟ್ಟಿ. ಲಂಡನ್ನಿನ ಈಸ್ಟ್ ಎಂಡ್‌ನ ಹಡಗುಕಟ್ಟೆಯಲ್ಲಿ ದುಡಿಯುವ ಇಬ್ಬರು ಕಿವುಡ–ಮೂಗರ ಬದುಕನ್ನು ತೋರಿಸುವ 'ಟುಗೆದರ್' 1956ರ ಫೆಬ್ರವರಿಯಲ್ಲಿ ನ್ಯಾಷನಲ್ ಫಿಲ್ಮ್ ಥಿಯೇಟರ್‌ನಲ್ಲಿ ನಡೆದ ಮೊದಲ 'ಫ್ರೀ ಸಿನಿಮಾ' ಪ್ರದರ್ಶನದಲ್ಲಿ ತೆರೆಕಂಡಿತು. ಬೀದಿಯ ಮಕ್ಕಳು ಇಬ್ಬರ ಬೆನ್ನುಹತ್ತಿ ಅಣಕಿಸುತ್ತಾರೆ. ಅವರಿಗೆ ಅದು ಕೇಳಿಸುವುದಿಲ್ಲ. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್‌ನ ಪ್ರಾಯೋಗಿಕ ಚಿತ್ರನಿಧಿ ಇದಕ್ಕೆ ನೆರವಾಗಿತ್ತು. ಸರ್ಕಾರದ ಅನುದಾನದಲ್ಲಿ ನಡೆಯುವ ಈ ಸಂಸ್ಥೆ ಮುಂದೆಯೂ ಈ ಬಗೆಯ ಚಿತ್ರಗಳ ಪೋಷಕನಾಯಿತು. ಟಿಕೆಟ್ ಹಣವನ್ನೇ ನಂಬಿದ್ದರೆ ಇವುಗಳಲ್ಲಿ ಎಷ್ಟೋ ಚಿತ್ರಗಳು ಹುಟ್ಟುತ್ತಲೇ ಇರಲಿಲ್ಲ.

1970ರ ದಶಕದಲ್ಲಿ ಸಂಸ್ಥೆಯ ನಿರ್ಮಾಣ ವಿಭಾಗದ ಹೊಣೆ ಹೊತ್ತ ಮಾಮೂನ್ ಹಸನ್ ಇಬ್ಬರು ಅಪರಿಚಿತರನ್ನು ನಂಬಿದರು. ಸ್ಕಾಟ್ಲೆಂಡಿನ ಬಿಲ್ ಡಗ್ಲಾಸ್ ತಮ್ಮ ಊರಾದ ನ್ಯೂಕ್ರೇಗ್‌ಹಾಲ್ ಎಂಬ ಗಣಿಹಳ್ಳಿಯ ಬಾಲ್ಯವನ್ನು 'ಮೈ ಚೈಲ್ಡ್‌ಹುಡ್' (1972), 'ಮೈ ಏನ್ ಫೋಕ್' (1973), 'ಮೈ ವೇ ಹೋಮ್' (1978) ಎಂಬ ಮೂರು ಚಿತ್ರಗಳಲ್ಲಿ ಕಟ್ಟಿದರು. ಲಿವರ್‌ಪೂಲಿನ ಟೆರೆನ್ಸ್ ಡೇವಿಸ್‌ಗೆ ಮೊದಲ ಚಿತ್ರ 'ಚಿಲ್ಡ್ರನ್'ಗಾಗಿ (1976) ಸಿಕ್ಕಿದ್ದು 8,500 ಪೌಂಡ್. ಡಗ್ಲಾಸ್ ಚಿತ್ರಗಳಲ್ಲಿ ಮಾತು ತೀರ ಕಡಿಮೆ, ಕ್ಯಾಮೆರಾ ಬಹುಪಾಲು ಅಲುಗಾಡುವುದಿಲ್ಲ. ಜೇಮಿ ಎಂಬ ಹುಡುಗ ಕಪ್ಪಿಗೆ ಬಿಸಿನೀರು ಸುರಿದು, ಚೆಲ್ಲಿ, ಬೆಚ್ಚಗಾದ ಆ ಕಪ್ಪನ್ನು ಅಜ್ಜಿಯ ಕೈಗಳಿಗೆ ಹಿಡಿಸುತ್ತಾನೆ. ಯಾರೂ ಏನೂ ಹೇಳುವುದಿಲ್ಲ. ಹುಡುಗ ಏನು ಮಾಡುತ್ತಿದ್ದಾನೆಂದು ಅರ್ಥವಾಗಲು ಪ್ರೇಕ್ಷಕನಿಗೆ ಅಷ್ಟು ಹೊತ್ತು ಬೇಕು, ಚಿತ್ರ ಅಷ್ಟು ಹೊತ್ತು ಕೊಡುತ್ತದೆ. ಇಲ್ಲಿ ನಿಧಾನಕ್ಕೆ ಕೆಲಸವಿದೆ. ಡಗ್ಲಾಸ್ ಬದುಕಿದ್ದಾಗ ಪೂರ್ಣಗೊಳಿಸಿದ ದೊಡ್ಡ ಚಿತ್ರ ಇವುಗಳಾಚೆ 'ಕಾಮ್ರೇಡ್ಸ್' ಒಂದೇ. ಅವರು 1991ರಲ್ಲಿ ತೀರಿಕೊಂಡರು.

ಪರಂಪರೆಯನ್ನು ಅಳೆಯಲು ಸರಿಯಾದ ಚಿತ್ರ ಮೈಕ್ ಲೀ ಅವರ 'ಬ್ಲೀಕ್ ಮೊಮೆಂಟ್ಸ್' (1971). ನಾಟಕವಾಗಿ ಹುಟ್ಟಿದ ಈ ಕೃತಿ ನಟ ಆಲ್ಬರ್ಟ್ ಫಿನ್ನಿಯ ಕಂಪನಿಯ ನೆರವಿನಿಂದ ಸುಮಾರು 18,500 ಪೌಂಡ್‌ಗಳಲ್ಲಿ ಚಿತ್ರವಾಯಿತು. ಬರೆದಿಟ್ಟ ಸಂಭಾಷಣೆಯಿಂದ ಆರಂಭಿಸದೆ, ನಟರೊಂದಿಗೆ ದೀರ್ಘ ತಾಲೀಮು ನಡೆಸಿ ಪಾತ್ರಗಳನ್ನು ರೂಪಿಸುವ ಲೀ ಅವರ ವಿಧಾನ ಇಲ್ಲಿಂದಲೇ ಕಾಣುತ್ತದೆ. ದಕ್ಷಿಣ ಲಂಡನ್ನಿನ ಮನೆಯೊಂದರಲ್ಲಿ ಸಿಲ್ವಿಯಾ ಬುದ್ಧಿಮಾಂದ್ಯೆಯಾದ ಅಕ್ಕ ಹಿಲ್ಡಾಳನ್ನು ನೋಡಿಕೊಂಡಿದ್ದಾಳೆ, ಹಗಲು ಕಚೇರಿಯಲ್ಲಿ ಟೈಪಿಸ್ಟ್. ಪೀಟರ್ ಎಂಬ ಶಿಕ್ಷಕ ಅವಳನ್ನು ಚೀನೀ ಹೋಟೆಲಿಗೆ ಊಟಕ್ಕೆ ಕರೆದೊಯ್ಯುತ್ತಾನೆ. ಊಟ ಉಸಿರುಕಟ್ಟುತ್ತದೆ. ಮನೆಗೆ ಬಂದ ಮೇಲೆ ಸಿಲ್ವಿಯಾ ಶೆರಿ ಕೊಡುತ್ತಾಳೆ, ಮಾತಿನಲ್ಲಿ ಒಂದು ಹೆಜ್ಜೆ ಮುಂದಿಡುತ್ತಾಳೆ, ಪೀಟರ್ ಹಿಂಜರಿಯುತ್ತಾನೆ. ಗ್ಯಾರೇಜಿನಲ್ಲಿ ಬಾಡಿಗೆಗಿರುವ, ಗಿಟಾರ್ ನುಡಿಸುವ ನಾರ್ಮನ್ ಕೂಡ ಸಂಕೋಚದ ಮುದ್ದೆ. ಇವರೆಲ್ಲ ಒಂದೇ ಕೋಣೆಯಲ್ಲಿ ಕುಳಿತು ಮಾತಿಗೆ ತಡಕಾಡುವ ದೃಶ್ಯದಲ್ಲಿ ಪ್ರೇಕ್ಷಕರಿಗೆ ನಗು ಬರುತ್ತದೆ, ನಕ್ಕಿದ್ದಕ್ಕೆ ಮುಜುಗರವೂ ಆಗುತ್ತದೆ. ಲೀ ಕಂಡುಕೊಂಡದ್ದು ಇದನ್ನೇ: ಮನುಷ್ಯ ಹೆಚ್ಚು ಒಂಟಿಯಾಗುವುದು ನಾಲ್ಕು ಜನರ ನಡುವೆ. ಖಾಲಿ ಮನೆಯಲ್ಲಿ ಕುಳಿತವರನ್ನು ತೋರಿಸುವ ಎಷ್ಟೋ ಚಿತ್ರಗಳಿಗೆ ಈ ಸತ್ಯ ದಕ್ಕಿಲ್ಲ.

'ಬ್ಲೀಕ್ ಮೊಮೆಂಟ್ಸ್' 1972ರಲ್ಲಿ ಲೊಕಾರ್ನೊ ಉತ್ಸವದ ಅತ್ಯುನ್ನತ ಪ್ರಶಸ್ತಿ ಪಡೆಯಿತು. ಅಮೆರಿಕದ ವಿಮರ್ಶಕ ರೋಜರ್ ಈಬರ್ಟ್ ಪೂರ್ಣ ನಾಲ್ಕು ನಕ್ಷತ್ರ ಕೊಟ್ಟು ಹೊಗಳಿದರು. ಆದರೂ ಲೀ ಚಿತ್ರಮಂದಿರಕ್ಕಾಗಿ ಇನ್ನೊಂದು ಚಿತ್ರ ಮಾಡಲು 1988ರ 'ಹೈ ಹೋಪ್ಸ್'ವರೆಗೆ ಕಾಯಬೇಕಾಯಿತು. ಆ 17 ವರ್ಷ ಅವರನ್ನು ಉಳಿಸಿದ್ದು ಟೆಲಿವಿಷನ್, ಮುಖ್ಯವಾಗಿ ಬಿಬಿಸಿ. ಅಲ್ಲಿ ಬೇರೊಂದು ಆಕ್ಷೇಪ ಎದ್ದಿತು. ಲೀ ತಮ್ಮ ಪಾತ್ರಗಳನ್ನು ಕೀಳಾಗಿ ಕಾಣುತ್ತಾರೆಂದು 'ಅಬಿಗೇಲ್ಸ್ ಪಾರ್ಟಿ' (1977) ಬಂದಾಗ ನಾಟಕಕಾರ ಡೆನಿಸ್ ಪಾಟರ್ ಕಟುವಾಗಿ ಬರೆದರು. ಆ ಕೃತಿಯ ಬಗ್ಗೆ ಈ ಮಾತಿಗೆ ಸ್ವಲ್ಪ ಆಧಾರವಿದೆ. 'ಬ್ಲೀಕ್ ಮೊಮೆಂಟ್ಸ್' ಬಗ್ಗೆ ಇಲ್ಲ. ಅಲ್ಲಿ ಸಿಲ್ವಿಯಾಳ ಕೊಂಕುಮಾತನ್ನು ಮೆಚ್ಚುವಂತೆ ಅವಳ ಸೋಲನ್ನೂ ಗೌರವದಿಂದ ನೋಡಲಾಗಿದೆ.

1982ರಲ್ಲಿ ಆರಂಭವಾದ ಚಾನೆಲ್ 4 ಚಿತ್ರಗಳಿಗೆ ನೇರವಾಗಿ ಹಣ ಹೂಡಿ ಇಂಥ ನಿರ್ದೇಶಕರಿಗೆ ನೆಲೆ ಒದಗಿಸಿತು. ಆಮೇಲಿನ ತಲೆಮಾರಿನಲ್ಲಿ ಪ್ರೇಕ್ಷಕರ ಪ್ರತಿಕ್ರಿಯೆಗೆ ವರ್ಗದ ಪ್ರಶ್ನೆಯೂ ಸೇರಿಕೊಂಡಿತು. ಜೊವಾನಾ ಹಾಗ್ ಅವರ 'ಆರ್ಕಿಪೆಲಗೊ'ದಲ್ಲಿ (2010) ದ್ವೀಪವೊಂದರಲ್ಲಿ ರಜೆ ಕಳೆಯಲು ಬಂದ ಉಳ್ಳವರ ಕುಟುಂಬವಿದೆ. ಹೋಟೆಲಿನಲ್ಲಿ ಮಾಂಸ ಸರಿಯಾಗಿ ಬೆಂದಿಲ್ಲವೆಂದು ಮಗಳು ತಗಾದೆ ತೆಗೆದಾಗ ಇಡೀ ಮೇಜು ಮೌನವಾಗುತ್ತದೆ. ಬಾಡಿಗೆಗೆ ಬಂಗಲೆ ಹಿಡಿಯಬಲ್ಲವರ ದುಃಖಕ್ಕೆ ಯಾಕೆ ಮರುಗಬೇಕು ಎಂಬುದು ಹಲವರ ಪ್ರಶ್ನೆ. ಹಾಗ್ ಮರುಕ ಬೇಡುವುದಿಲ್ಲ. ಹಣವಿದ್ದೂ ಒಬ್ಬರಿಗೊಬ್ಬರು ಒಂದು ಮಾತು ಆಡಲಾರದವರನ್ನು ದೂರದಿಂದ ತೋರಿಸುತ್ತಾರಷ್ಟೆ.

ಉಬರ್ಟೊ ಪಸೊಲಿನಿ ಅವರ 'ಸ್ಟಿಲ್ ಲೈಫ್' (2013) ಪ್ರೇಕ್ಷಕರಿಗೆ ಹೆಚ್ಚು ಹತ್ತಿರವಾದ ಚಿತ್ರ. ಅನಾಥವಾಗಿ ಸತ್ತವರ ಬಂಧುಗಳನ್ನು ಹುಡುಕುವ ಲಂಡನ್ನಿನ ಪುರಸಭೆ ನೌಕರ ಜಾನ್ ಮೇ ಆಗಿ ಎಡ್ಡಿ ಮಾರ್ಸನ್ ನಟಿಸಿದ್ದಾರೆ. ಬಂಧುಗಳು ಸಿಗದಿದ್ದರೆ ಆತನೇ ಶ್ರದ್ಧಾಂಜಲಿ ಬರೆದು, ಅಂತ್ಯಕ್ರಿಯೆಯಲ್ಲಿ ಒಬ್ಬನೇ ನಿಲ್ಲುತ್ತಾನೆ. ಖರ್ಚು ಉಳಿಸಲು ಅವನನ್ನು ಕೆಲಸದಿಂದ ತೆಗೆಯುತ್ತಾರೆ. ಚಿತ್ರದ ಮುಕ್ಕಾಲು ಭಾಗ ಅದ್ಭುತ ಸಂಯಮದ್ದು. ಕೊನೆಯಲ್ಲಿ ಅವನ ಸಮಾಧಿಯ ಸುತ್ತ ಅವನು ಕಳಿಸಿಕೊಟ್ಟ ಸತ್ತವರೆಲ್ಲ ಬಂದು ಸೇರುತ್ತಾರೆ. ಕಣ್ಣೀರಿಟ್ಟವರು ಬಹಳ ಮಂದಿ. ಆ ಕಣ್ಣೀರು ಸುಳ್ಳಲ್ಲ. ಆದರೆ ಯಾರಿಗೂ ಬೇಡವಾಗಿ ಸತ್ತವರ ಬಗ್ಗೆ ಪ್ರೇಕ್ಷಕ ಹೊತ್ತುಕೊಂಡು ಹೋಗಬೇಕಿದ್ದ ಭಾರವನ್ನು ಆ ದೃಶ್ಯ ಇಳಿಸಿಬಿಡುತ್ತದೆ. ಇದೇ ವಿಷಯವನ್ನೆತ್ತಿಕೊಂಡ ಕ್ಯಾರಲ್ ಮಾರ್ಲಿ ಅವರ 'ಡ್ರೀಮ್ಸ್ ಆಫ್ ಎ ಲೈಫ್' (2011) ಹಾಗೆ ಮಾಡುವುದಿಲ್ಲ. ಉತ್ತರ ಲಂಡನ್ನಿನ ಕೋಣೆಯಲ್ಲಿ ಸತ್ತು ಎರಡು ವರ್ಷಕ್ಕೂ ಹೆಚ್ಚು ಕಾಲ ಯಾರಿಗೂ ತಿಳಿಯದೇ ಉಳಿದ ಮಹಿಳೆಯೊಬ್ಬಳ ನಿಜಕಥೆ ಅದು. ಅವಳು ಗೊತ್ತಿದ್ದವರ ಮಾತುಗಳು ಮುಗಿದರೂ ಪ್ರಶ್ನೆ ಮುಗಿಯುವುದಿಲ್ಲ.

ಆಂಡ್ರ್ಯೂ ಹೇ ಅವರ '45 ಇಯರ್ಸ್' (2015) ಮತ್ತು ಷಾರ್ಲಟ್ ವೆಲ್ಸ್ ಅವರ 'ಆಫ್ಟರ್‌ಸನ್' (2022) ಈ ಪರಂಪರೆಗೆ ಜಗತ್ತಿನಾದ್ಯಂತ ನೋಡುಗರನ್ನು ತಂದವು. ಮೊದಲನೆಯದರಲ್ಲಿ ಮದುವೆ ವಾರ್ಷಿಕೋತ್ಸವದ ನೃತ್ಯ ಮುಗಿಯುತ್ತಿದ್ದಂತೆ ಹೆಂಡತಿ ಗಂಡನ ಕೈಯಿಂದ ತನ್ನ ಕೈ ಎಳೆದುಕೊಳ್ಳುತ್ತಾಳೆ. ಆ ದಾಂಪತ್ಯ ಉಳಿಯಿತೇ ಎಂದು ನೋಡಿದವರು ಇಂದಿಗೂ ವಾದಿಸುತ್ತಾರೆ. ಎರಡನೆಯದು ಟರ್ಕಿಯಲ್ಲಿ ಹನ್ನೊಂದರ ಮಗಳೊಂದಿಗೆ ರಜೆ ಕಳೆಯುವ ತಂದೆಯದು. ಅವನ ಹತಾಶೆ ಚೌಕಟ್ಟಿನ ಅಂಚಿನಲ್ಲೇ ಇರುತ್ತದೆ. ಗಮನಿಸಿದವರಿಗೆ ಚಿತ್ರ ಅಸಹನೀಯ, ಗಮನಿಸದವರಿಗೆ ಬರಿಯ ಪ್ರವಾಸದ ವಿಡಿಯೊ.

ಈ ಯಶಸ್ಸಿನ ನೆರಳಿನಲ್ಲಿ ಬಂದ ಅನುಕರಣೆಗಳ ಬಗ್ಗೆ ಬೇಸರಪಟ್ಟವರ ಮಾತು ನಿಜ. ಕಿಟಕಿ, ಮಳೆ, ಬೆನ್ನು ಮಾಡಿ ನಿಂತ ವ್ಯಕ್ತಿ: ಇಷ್ಟರಿಂದಲೇ ಒಂಟಿತನ ಹುಟ್ಟುವುದಿಲ್ಲ. ಆದರೆ ಮನೆಯ ಸೋಫಾದಲ್ಲಿ, ಕೈಯಲ್ಲಿ ಫೋನ್ ಹಿಡಿದು ನೋಡಿ ಕೊಟ್ಟ ತೀರ್ಪೂ ಪೂರ್ಣವಲ್ಲ. ಹೊಸದಾಗಿ ನೋಡಲು ಹೊರಟವರು ಒಂದು ಗಂಟೆಯೂ ಇಲ್ಲದ 'ಮೈ ಚೈಲ್ಡ್‌ಹುಡ್'ನಿಂದ ಆರಂಭಿಸಬಹುದು. 'ಬ್ಲೀಕ್ ಮೊಮೆಂಟ್ಸ್' ಅನ್ನು ಸಾಧ್ಯವಾದರೆ ಫಿಲ್ಮ್ ಸೊಸೈಟಿಯೊಂದರಲ್ಲಿ, ಹತ್ತಾರು ಜನರ ಜೊತೆ ಕುಳಿತು ನೋಡಬೇಕು.