ಗಣವೋ, ಘನವೋ? ಮನೆಯ ಧ್ವನಿಮುದ್ರಣದ ಒಂದು ವಿಮರ್ಶೆ

ದೃಷ್ಟಿದೋಷವುಳ್ಳ ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕಗಳನ್ನು ಓದಿ ಧ್ವನಿಮುದ್ರಿಸಿಕೊಡುವ ಸ್ವಯಂಸೇವಕರು ನಮ್ಮಲ್ಲಿದ್ದಾರೆ. ನಾನೂ ಒಮ್ಮೆ ಆ ಕೆಲಸಕ್ಕೆ ಕೈಹಾಕಿದೆ. ಅಲ್ಲಾಳಸಂದ್ರದ ನನ್ನ ಮನೆಯ ಖಾಲಿ ಕೊಠಡಿಯೊಂದರಲ್ಲಿ, ಹೊಸದಾಗಿ ಕೊಂಡ ಕಂಡೆನ್ಸರ್ ಮೈಕಿನ ಮುಂದೆ ಕುಳಿತು ಪ್ರೌಢಶಾಲೆಯ ಗಣಿತದ ಒಂದು ಅಧ್ಯಾಯವನ್ನು ಓದಿ ಕಳುಹಿಸಿದೆ. ಎರಡು ದಿನಗಳ ನಂತರ ಅದನ್ನು ಕೇಳಿದ ಹುಡುಗಿಯಿಂದ ಫೋನ್ ಬಂತು. "ಸರ್, ಎಲ್ಲ ಚೆನ್ನಾಗಿದೆ. ಆದರೆ ಒಂದು ಕಡೆ ನೀವು ಹೇಳಿದ್ದು ಗಣವೋ, ಘನವೋ ಗೊತ್ತಾಗಲಿಲ್ಲ. ನಾಲ್ಕು ಸಲ ಕೇಳಿದೆ."

ಕಣ್ಣಿನಿಂದ ಓದುವವರಿಗೆ ಈ ಸಮಸ್ಯೆಯೇ ಇಲ್ಲ. ಕಿವಿಯೊಂದನ್ನೇ ನಂಬಿದವರಿಗೆ ಗಣ ಮತ್ತು ಘನಗಳ ನಡುವಿನ ವ್ಯತ್ಯಾಸ ಇಡೀ ಲೆಕ್ಕದ ವ್ಯತ್ಯಾಸ. ನಾನು ಆ ಭಾಗವನ್ನು ಮತ್ತೆ ಕೇಳಿದೆ. ನನಗೂ ಗೊತ್ತಾಗಲಿಲ್ಲ! ಮೈಕಿನ ಪೆಟ್ಟಿಗೆಯ ಮೇಲೆ "24 ಬಿಟ್, 192 ಕಿಲೋಹರ್ಟ್ಸ್" ಎಂದು ದಪ್ಪಕ್ಷರಗಳಲ್ಲಿ ಅಚ್ಚಾಗಿತ್ತು.

ಕನ್ನಡಕ್ಕೆ ಪರಭಾಷಾ ಚಿತ್ರಗಳನ್ನು ಡಬ್ ಮಾಡುವುದಕ್ಕೆ ದಶಕಗಳ ಕಾಲ ಇದ್ದ ಅಘೋಷಿತ ತಡೆ, 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗದ ಆದೇಶ ಬಂದ ನಂತರ ಸಡಿಲವಾಯಿತು. ಕಂಠದಾನ ಕಲಾವಿದರಿಗೆ ಕೆಲಸ ಹೆಚ್ಚಿತು. 2020ರ ಲಾಕ್‌ಡೌನಿನಲ್ಲಿ ಸ್ಟುಡಿಯೊಗಳು ಮುಚ್ಚಿದಾಗ ಕಲಾವಿದರೂ ಶಿಕ್ಷಕರೂ ಮನೆಯಲ್ಲೇ ಮುದ್ರಿಸತೊಡಗಿದರು. ಹೀಗೆ ಮನೆಯಲ್ಲಿ ತಯಾರಾದ ಕನ್ನಡದ ಶ್ರಾವ್ಯ ಪುಸ್ತಕಗಳನ್ನು, ಪಾಠಗಳನ್ನು, ಕಥಾವಾಚನಗಳನ್ನು ಗಮನವಿಟ್ಟು ಕೇಳುತ್ತಾ ಬಂದಿದ್ದೇನೆ. ಓದುವವರ ಶ್ರದ್ಧೆಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಹೆಚ್ಚಿನವು ಬಾವಿಯೊಳಗಿನಿಂದ ಬಂದಂತೆ ಕೇಳುತ್ತವೆ. ಹಣವೆಲ್ಲ ಮೈಕಿಗೆ ಖರ್ಚಾಗಿರುತ್ತದೆ; ಕೊಠಡಿಯ ಬಗ್ಗೆ ಯಾರೂ ಯೋಚಿಸಿರುವುದಿಲ್ಲ.

ಮನೆಯೊಳಗಿನ ಸ್ಟುಡಿಯೊ ನಮಗೆ ಹೊಸದೇನಲ್ಲ ಎಂಬುದನ್ನು ಇಲ್ಲಿ ನೆನಪಿಸಬೇಕು. ಮೈಸೂರಿನ ಮಹಾರಾಜ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು "ಆಕಾಶವಾಣಿ"ಯನ್ನು ಆರಂಭಿಸಿದ್ದು ತಮ್ಮ ಮನೆಯಿಂದಲೇ.

ಈಗ ಕೊಠಡಿಗೆ ಬರೋಣ. ಮೂವತ್ತು-ನಲವತ್ತು ಸೈಟಿನಲ್ಲಿ ಕಟ್ಟಿದ ಮನೆಯ ಒಂದು ಕೊಠಡಿಯನ್ನು ಕಲ್ಪಿಸಿಕೊಳ್ಳಿ. ಉದ್ದ 3.6 ಮೀಟರ್, ಅಗಲ 3 ಮೀಟರ್, ಎತ್ತರ 3 ಮೀಟರ್. ಗೋಡೆಗೆ ಸಿಮೆಂಟ್ ಗಾರೆ, ನೆಲಕ್ಕೆ ಟೈಲ್ಸ್. ಇಂಥ ಮೇಲ್ಮೈಗಳು ತಮ್ಮ ಮೇಲೆ ಬಿದ್ದ ಶಬ್ದಶಕ್ತಿಯಲ್ಲಿ ನೂರಕ್ಕೆ ಎರಡು ಮೂರು ಪಾಲನ್ನಷ್ಟೇ ಹೀರುತ್ತವೆ. ಉಳಿದದ್ದನ್ನು ಹಿಂದಕ್ಕೆ ಕಳುಹಿಸುತ್ತವೆ. ನೀವು ಮಾತು ನಿಲ್ಲಿಸಿದ ಮೇಲೂ ಶಬ್ದ ಗೋಡೆಯಿಂದ ಗೋಡೆಗೆ ಓಡಾಡುತ್ತಿರುತ್ತದೆ. ಇದೇ ಅನುರಣನೆ. ಶಬ್ದದ ಮಟ್ಟ 60 ಡೆಸಿಬೆಲ್‌ನಷ್ಟು ಇಳಿಯಲು ಹಿಡಿಯುವ ಕಾಲವನ್ನು ಅನುರಣನಾ ಕಾಲ ಎನ್ನುತ್ತೇವೆ.

ಇದನ್ನು ಲೆಕ್ಕಕ್ಕೆ ತಂದವರು ಹಾರ್ವರ್ಡ್ ವಿಶ್ವವಿದ್ಯಾಲಯದ ವ್ಯಾಲೇಸ್ ಸಬೈನ್. 1895ರಲ್ಲಿ ಹೊಸದಾಗಿ ಕಟ್ಟಿದ ಫಾಗ್ ಕಲಾಸಂಗ್ರಹಾಲಯದ ಉಪನ್ಯಾಸ ಕೊಠಡಿಯಲ್ಲಿ ಒಂದು ಪದ ಐದೂವರೆ ಸೆಕೆಂಡುಗಳಷ್ಟು ಕಾಲ ಕೇಳುತ್ತಿತ್ತು, ಪಾಠ ಮಾಡುವಂತಿರಲಿಲ್ಲ. ಸಬೈನ್ ಪಕ್ಕದ ರಂಗಮಂದಿರದ ಆಸನಗಳ ಮೆತ್ತೆಗಳನ್ನು ಹೊತ್ತು ತಂದು, ಒಂದೊಂದಾಗಿ ಸೇರಿಸುತ್ತಾ, ಆರ್ಗನ್ ಕೊಳವೆಯ ಸ್ವರ ಅಡಗುವ ಕಾಲವನ್ನು ಅಳೆದರು. ಊರು ಮಲಗಿದ ಮೇಲೆ, ರಾತ್ರಿಯ ಹೊತ್ತು ಈ ಕೆಲಸ. ಅದರ ಫಲವಾಗಿ ಸಿಕ್ಕ ಸೂತ್ರ ಸರಳ: ಅನುರಣನಾ ಕಾಲ = 0.161 × ಕೊಠಡಿಯ ಘನಫಲ ÷ ಒಟ್ಟು ಹೀರಿಕೆ (ಮೀಟರ್‌ಗಳಲ್ಲಿ ಅಳೆದಾಗ).

ನಮ್ಮ ಕೊಠಡಿಯ ಘನಫಲ 32.4 ಘನಮೀಟರ್. ಗೋಡೆ, ನೆಲ, ಚಾವಣಿ ಸೇರಿ ಮೇಲ್ಮೈ 61.2 ಚದರ ಮೀಟರ್. ಹೀರಿಕೆ ಶೇಕಡ 3 ಎಂದಿಟ್ಟುಕೊಂಡರೆ ಒಟ್ಟು 1.84 ಚದರ ಮೀಟರ್; ಅನುರಣನಾ ಕಾಲ ಸುಮಾರು 2.8 ಸೆಕೆಂಡು. ಚಿಕ್ಕ ಕೊಠಡಿಗಳಿಗೆ ಈ ಸೂತ್ರ ಕಟ್ಟುನಿಟ್ಟಾಗಿ ಹೊಂದುವುದಿಲ್ಲ, ಬಾಗಿಲು, ಪರದೆ, ಒಳಗೆ ಕುಳಿತ ಮನುಷ್ಯ ಎಲ್ಲರೂ ಸ್ವಲ್ಪ ಹೀರುತ್ತಾರೆ ಎಂಬುದನ್ನು ಒಪ್ಪೋಣ. ಹಾಗಿದ್ದರೂ ಮಾತಿನ ಮುದ್ರಣಕ್ಕೆ ಬೇಕಾದದ್ದು 0.3 ಸೆಕೆಂಡು ಅಥವಾ ಇನ್ನೂ ಕಡಿಮೆ. ಅದಕ್ಕೆ ಸುಮಾರು 17 ಚದರ ಮೀಟರ್ ಹೀರಿಕೆ ಬೇಕು. ಮೈಕಿನ ಹಿಂದೆ ಒಂದು ಅಂಗೈ ಅಗಲದ ಫೋಮ್ ಅಂಟಿಸಿದರೆ ಏನಾದೀತು, ನೀವೇ ಹೇಳಿ.

ಗಣ-ಘನ ಕಳೆದುಹೋದದ್ದು ಇಲ್ಲೇ. "ಘ"ದಲ್ಲಿರುವ ಮಹಾಪ್ರಾಣ ಎಂದರೆ ಉಸಿರಿನ ಒಂದು ಸಣ್ಣ ಎಸೆತ. ಅದು ಸೆಕೆಂಡಿನ ನೂರರಲ್ಲಿ ಕೆಲವೇ ಭಾಗಗಳಷ್ಟು ಕಾಲ ಇರುವ, ತೀರ ದುರ್ಬಲವಾದ ಗದ್ದಲ. ಹಿಂದಿನ ಸ್ವರದ ಬಾಲ ಇನ್ನೂ ಕೊಠಡಿಯಲ್ಲಿ ಸುತ್ತುತ್ತಿದ್ದರೆ ಅದು ಈ ಉಸಿರನ್ನು ಮುಚ್ಚಿಹಾಕುತ್ತದೆ. "ಣ" ಮತ್ತು "ನ"ಗಳನ್ನು ಕಿವಿ ಬೇರ್ಪಡಿಸುವುದು ಅಕ್ಕಪಕ್ಕದ ಸ್ವರಗಳ ಆವೃತ್ತಿಗಳು ಕ್ಷಿಪ್ರವಾಗಿ ಬಾಗುವ ರೀತಿಯಿಂದ. ಅದೂ ಕಲಸಿಹೋಗುತ್ತದೆ. ಬಿಜಾಪುರದ ಗೋಲಗುಮ್ಮಟದಲ್ಲಿ ಪ್ರವಾಸಿಗರು ಕೂಗಿ ಕೂಗಿ ಆನಂದಪಡುವುದು ಇದೇ ಪ್ರತಿಫಲನವನ್ನು. ಸಿ.ವಿ. ರಾಮನ್ ಅವರು 1920ರ ದಶಕದ ಆರಂಭದಲ್ಲೇ ಅಂಥ ಪಿಸುಗುಟ್ಟುವ ಗ್ಯಾಲರಿಗಳನ್ನು ಅಧ್ಯಯನ ಮಾಡಿದ್ದರು. ಗುಮ್ಮಟದಲ್ಲಿ ಅದು ಚೆಂದ. ಗಣಿತದ ಪಾಠಕ್ಕೆ ಅಲ್ಲ.

ಕೊಠಡಿಯ ಅಳತೆಯೂ ಒಂದು ಚೇಷ್ಟೆ ಮಾಡುತ್ತದೆ. ಎದುರುಬದುರು ಗೋಡೆಗಳ ನಡುವೆ ನಿಂತ ಅಲೆಗಳು ಏರ್ಪಡುತ್ತವೆ ಎಂಬುದು ನಿಮಗೆ ಗೊತ್ತು. 3 ಮೀಟರ್ ಅಂತರಕ್ಕೆ ಅವುಗಳ ಆವೃತ್ತಿ 57, 113, 170 ಹರ್ಟ್ಸ್, ಹೀಗೆ. ಅಗಲ, ಎತ್ತರ ಎರಡೂ 3 ಮೀಟರ್ ಆದರೆ ಎರಡು ಜೊತೆ ಮೇಲ್ಮೈಗಳೂ ಅದೇ ಆವೃತ್ತಿಗಳನ್ನೇ ಎತ್ತಿಹಿಡಿಯುತ್ತವೆ. ಗಂಡಸಿನ ಮಾತಿನ ಮೂಲ ಆವೃತ್ತಿ ಸಾಮಾನ್ಯವಾಗಿ 100ರಿಂದ 150 ಹರ್ಟ್ಸ್. ಹತ್ತಡಿ ಕೊಠಡಿಯಲ್ಲಿ ಓದಿದವರ ಧ್ವನಿ ಕೆಲವು ಪದಗಳಲ್ಲಿ ಗುಡುಗಿ, ಕೆಲವು ಪದಗಳಲ್ಲಿ ಸೊರಗುವುದು ಇದರಿಂದ. ಅದನ್ನು ಗಂಭೀರ ಕಂಠ ಎಂದು ಹೊಗಳುವವರೂ ಇದ್ದಾರೆ!

ಮೊಟ್ಟೆಯ ಟ್ರೇಗಳ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಕಾಗದದ ತಿರುಳಿನ ಈ ತೆಳು ಟ್ರೇಗಳನ್ನು ಗೋಡೆ ತುಂಬ ಅಂಟಿಸಿದರೆ ಸ್ಟುಡಿಯೊ ಆಗುತ್ತದೆ ಎಂಬ ನಂಬಿಕೆ ಬಹಳ ಗಟ್ಟಿ. ಗೋಡೆಗೆ ತಾಗಿದಲ್ಲಿ ಗಾಳಿಯ ಕಣಗಳು ಅಲುಗಾಡುವುದೇ ಇಲ್ಲ. ಅವುಗಳ ವೇಗ ಅತಿ ಹೆಚ್ಚಾಗುವುದು ಗೋಡೆಯಿಂದ ಕಾಲು ತರಂಗದೂರದಲ್ಲಿ. ಹೀರುವ ವಸ್ತು ಕೆಲಸ ಮಾಡಬೇಕಾದರೆ ಅಲ್ಲಿಯವರೆಗೆ ಚಾಚಿರಬೇಕು. 1000 ಹರ್ಟ್ಸ್‌ಗೆ ಆ ದೂರ 8.5 ಸೆಂ.ಮೀ., 100 ಹರ್ಟ್ಸ್‌ಗೆ 85 ಸೆಂ.ಮೀ. ತೆಳು ಟ್ರೇಯಾಗಲಿ ಅಂಗಡಿಯ ಒಂದಂಗುಲದ ಫೋಮ್ ಆಗಲಿ ಹೆಚ್ಚಿನ ಆವೃತ್ತಿಗಳನ್ನು ಮಾತ್ರ ತಿಂದು, ಗುಡುಗನ್ನು ಹಾಗೆಯೇ ಬಿಡುತ್ತವೆ. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದಿಟ್ಟು, ಗೋಡೆಯಿಂದ ಒಂದು ಗೇಣು ಮುಂದಕ್ಕೆ ಹತ್ತಿ ಹಾಸಿಗೆಗಳನ್ನು ನಿಲ್ಲಿಸುವುದು ಇದಕ್ಕಿಂತ ಎಷ್ಟೋ ಮೇಲು. ನೋಡಲು ಸೊಗಸಿಲ್ಲ, ಅಷ್ಟೆ.

ಅದೇ ಫೋಮನ್ನು "ಸೌಂಡ್‌ಪ್ರೂಫ್" ಎಂದು ಮಾರುವುದು ಇನ್ನೂ ದೊಡ್ಡ ತಪ್ಪು. ಒಳಗಿನ ಶಬ್ದವನ್ನು ಹೀರುವುದು ಬೇರೆ, ಹೊರಗಿನ ಶಬ್ದವನ್ನು ತಡೆಯುವುದು ಬೇರೆ. ತಡೆಯುವುದಕ್ಕೆ ಬೇಕಾದದ್ದು ತೂಕ. ಗೋಡೆಯ ತೂಕ ಇಮ್ಮಡಿಯಾದರೆ ತಡೆ ಸುಮಾರು 6 ಡೆಸಿಬೆಲ್ ಹೆಚ್ಚುತ್ತದೆ. ಆವೃತ್ತಿ ಅರ್ಧಕ್ಕಿಳಿದರೆ ಅಷ್ಟೇ ಕಡಿಮೆಯಾಗುತ್ತದೆ. ಗೋಡೆಯ ವಿಸ್ತೀರ್ಣದ ಶೇಕಡ ಒಂದರಷ್ಟು ಸಂದು ತೆರೆದಿದ್ದರೂ ಸಾಕು, ಉಳಿದ ಗೋಡೆ ಎಷ್ಟೇ ದಪ್ಪವಿರಲಿ, ತಡೆ 20 ಡೆಸಿಬೆಲ್ ದಾಟುವುದಿಲ್ಲ. ನಮ್ಮಲ್ಲಿ ಸರಿಯುವ ಕಿಟಕಿಗಳ ಸಂದು ಎಷ್ಟಿದೆ ನೋಡಿ. ಅಲ್ಲಾಳಸಂದ್ರದಲ್ಲಿ ಬಳ್ಳಾರಿ ರಸ್ತೆಯ ಲಾರಿಗಳ ಗುಂಯ್‌ಗುಡುವಿಕೆ, ಯಲಹಂಕ ವಾಯುನೆಲೆಯ ವಿಮಾನ, ಪಕ್ಕದ ಮನೆಯ ಸಂಪಿನ ಮೋಟಾರ್, ಕುಕ್ಕರಿನ ವಿಶಲ್ ಎಲ್ಲವೂ ಒಳಗೆ ಬರುತ್ತವೆ. ಎರಡು ವರ್ಷಕ್ಕೊಮ್ಮೆ ಫೆಬ್ರವರಿಯಲ್ಲಿ ವೈಮಾನಿಕ ಪ್ರದರ್ಶನ ನಡೆಯುವ ವಾರದಲ್ಲಂತೂ ಹಗಲು ಮುದ್ರಣದ ಮಾತೇ ಬೇಡ. ಇದಕ್ಕೆ ಸಬೈನರ ಉಪಾಯವೇ ಸರಿ: ರಾತ್ರಿ ಒಂದರಿಂದ ನಾಲ್ಕರವರೆಗೆ.

ಇನ್ನು ಆ 24 ಬಿಟ್‌ನ ಲೆಕ್ಕ. ಒಂದು ಬಿಟ್‌ಗೆ ಸುಮಾರು 6 ಡೆಸಿಬೆಲ್ ವ್ಯಾಪ್ತಿ. 24 ಬಿಟ್‌ಗೆ 144. ಸಾಮಾನ್ಯ ಮಾತು ಒಂದು ಮೀಟರ್ ದೂರದಲ್ಲಿ 60 ಡೆಸಿಬೆಲ್ ಎಂದುಕೊಂಡರೆ 15 ಸೆಂ.ಮೀ. ದೂರದ ಮೈಕಿಗೆ ತಲುಪುವುದು 76. ಫ್ಯಾನ್ ತಿರುಗುವ ಕೊಠಡಿಯ ಗದ್ದಲ 45 ಇದ್ದರೆ ಉಳಿಯುವ ಅಂತರ 31. ಫ್ಯಾನ್ ನಿಲ್ಲಿಸಿ, ರಾತ್ರಿಯಲ್ಲಿ ಗದ್ದಲ 30ಕ್ಕೆ ಇಳಿದರೆ ಅಂತರ 46, ಅಂದರೆ 8 ಬಿಟ್‌ಗಳಷ್ಟು. ಮಿಕ್ಕ ಬಿಟ್‌ಗಳು ಕೊಠಡಿಯ ಗದ್ದಲವನ್ನು ನಿಷ್ಠೆಯಿಂದ ಅಳೆಯುತ್ತವೆ (ಮಟ್ಟ ಹೊಂದಿಸುವಾಗ ಅವು ಅನುಕೂಲ ಎಂಬುದು ನಿಜ). 192 ಕಿಲೋಹರ್ಟ್ಸ್ ಕೂಡ ಅಷ್ಟೇ: ಕಿವಿಯ ಮಿತಿ 20 ಕಿಲೋಹರ್ಟ್ಸ್, ಅದಕ್ಕೆ ಸೆಕೆಂಡಿಗೆ 44,100 ಮಾದರಿಗಳು ಸಾಕು. ಅಮೆಜಾನಿನ ಶ್ರಾವ್ಯಪುಸ್ತಕ ವಿಭಾಗವಾದ ಎಸಿಎಕ್ಸ್ ಕೇಳುವುದೂ ಇದನ್ನೇ. ಆದರೆ ಮಾತಿನ ಸರಾಸರಿ ಮಟ್ಟ ಗರಿಷ್ಠಕ್ಕಿಂತ 18ರಿಂದ 23 ಡೆಸಿಬೆಲ್ ಕೆಳಗೆ, ಗದ್ದಲ 60 ಡೆಸಿಬೆಲ್ ಕೆಳಗೆ ಇರಬೇಕೆಂಬ ನಿಯಮವನ್ನು ಅದು ಬಿಡುವುದಿಲ್ಲ. ನಡುವಿನ ಅಂತರ ಕನಿಷ್ಠ 37. ಮೇಲಿನ ಎರಡು ಕೊಠಡಿಗಳಲ್ಲಿ ಯಾವುದು ಪಾಸಾಗುತ್ತದೆ ಎಂದು ಹೇಳಬೇಕಾಗಿಲ್ಲ. ವ್ಯತ್ಯಾಸ ಒಂದು ಫ್ಯಾನ್ ಸ್ವಿಚ್ಚಿನದು.

ಗದ್ದಲ ಬಿದ್ದ ಮೇಲೆ ತಂತ್ರಾಂಶದಿಂದ ತೆಗೆಯಬಹುದಲ್ಲ ಎಂದು ಕೇಳುವಿರಿ. ತೆಗೆಯಬಹುದು, ಸ್ವಲ್ಪ ಮಟ್ಟಿಗೆ. ಆದರೆ ಭೌತಶಾಸ್ತ್ರದ ದೃಷ್ಟಿಯಲ್ಲಿ ಶ, ಷ, ಸ, ಹ ಹಾಗೂ ಮಹಾಪ್ರಾಣಗಳ ಉಸಿರು ಕೂಡ ಗದ್ದಲವೇ. ಫ್ಯಾನಿನ ಸುಯ್ ಶಬ್ದಕ್ಕೂ "ಸ"ಕಾರಕ್ಕೂ ಇರುವ ಭೇದವನ್ನು ತಂತ್ರಾಂಶ ಪ್ರತಿ ಸಲವೂ ಸರಿಯಾಗಿ ಊಹಿಸುವುದಿಲ್ಲ. ಹೆಚ್ಚು ಉಜ್ಜಿದಷ್ಟೂ ಫ್ಯಾನಿನ ಜೊತೆ ಅಕ್ಷರವೂ ಸವೆಯುತ್ತದೆ. ಇನ್ನು ಕೆಲವರು ಗದ್ದಲ ಮುಚ್ಚಲು ಹಿನ್ನೆಲೆಯಲ್ಲಿ ಕೊಳಲು ನುಡಿಸುತ್ತಾರೆ. ಕಥೆಯುದ್ದಕ್ಕೂ ಕೊಳಲು! ಪಾಠಕ್ಕೆ ಇದನ್ನು ಖಂಡಿತ ಮಾಡಬೇಡಿ.

ಖರ್ಚಿಲ್ಲದೆ ಆಗುವ ದೊಡ್ಡ ಸುಧಾರಣೆ ದೂರದ್ದು. ಬಾಯಿ-ಮೈಕಿನ ಅಂತರ 60ರಿಂದ 15 ಸೆಂ.ಮೀ.ಗೆ ಇಳಿದರೆ ನೇರ ಶಬ್ದ 12 ಡೆಸಿಬೆಲ್ ಏರುತ್ತದೆ. ಅನುರಣನೆಯ ಮಟ್ಟ ಇದ್ದಲ್ಲೇ ಇರುತ್ತದೆ. ನಮ್ಮ ಬೋಳು ಕೊಠಡಿಯಲ್ಲಿ ಸುಮಾರು 20 ಸೆಂ.ಮೀ. ದಾಟಿದೊಡನೆ ನೇರ ಶಬ್ದಕ್ಕಿಂತ ಗೋಡೆಗಳಿಂದ ಬಂದದ್ದೇ ಹೆಚ್ಚು. "ಪ", "ಫ"ಗಳ ಗಾಳಿ ಮೈಕಿಗೆ ಬಡಿಯದಂತೆ ಬಾಯನ್ನು ಸ್ವಲ್ಪ ಓರೆಗೆ ಹಿಡಿದರಾಯಿತು. ಸಾಧಾರಣ ಡೈನಮಿಕ್ ಮೈಕ್ ಕೂಡ ಹೀಗೆ ಬಳಸಿದಾಗ, ದೂರದಲ್ಲಿಟ್ಟ ದುಬಾರಿ ಕಂಡೆನ್ಸರಿಗಿಂತ ಸ್ಪಷ್ಟವಾಗಿ ಕೇಳುತ್ತದೆ.

ಶಿಕ್ಷಕರು ಇದನ್ನು ತರಗತಿಯ ಪ್ರಯೋಗವಾಗಿ ಮಾಡಿಸಬಹುದು. ಖಾಲಿ ಕೊಠಡಿಯಲ್ಲಿ ಒಂದು ಬಲೂನು ಒಡೆದು ಫೋನಿನಲ್ಲಿ ಮುದ್ರಿಸಿ, ಅಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ತೆರೆಯಿರಿ. ಮಟ್ಟ 20 ಡೆಸಿಬೆಲ್ ಇಳಿಯಲು ಹಿಡಿದ ಕಾಲವನ್ನು ಅಳೆದು ಮೂರರಿಂದ ಗುಣಿಸಿದರೆ ಅನುರಣನಾ ಕಾಲ ಸಿಗುತ್ತದೆ. ನಂತರ ಒಳಗೆ ನಲವತ್ತು ಮಕ್ಕಳನ್ನು ಕೂರಿಸಿ ಮತ್ತೊಂದು ಬಲೂನು ಒಡೆಯಿರಿ. ಫೋನಿನಲ್ಲಿ ಮಟ್ಟವನ್ನು ತಾನೇ ಏರಿಳಿಸುವ ವ್ಯವಸ್ಥೆ ಇದ್ದರೆ ಅದನ್ನು ಮೊದಲು ನಿಲ್ಲಿಸಬೇಕು. ಇಲ್ಲದಿದ್ದರೆ ಅಳತೆ ಕೆಡುತ್ತದೆ.

ಆ ಅಧ್ಯಾಯವನ್ನು ನಾನು ಮತ್ತೆ ಓದಿದೆ. ರಾತ್ರಿ ಒಂದೂವರೆಗೆ, ಬೀರುವಿಗೂ ನಿಲ್ಲಿಸಿದ ಎರಡು ಹಾಸಿಗೆಗಳಿಗೂ ನಡುವೆ, ಫ್ಯಾನ್ ನಿಲ್ಲಿಸಿ, ಬೆವರುತ್ತಾ. ಮರುದಿನ ಸಂಜೆ ಹುಡುಗಿಯ ಫೋನ್ ಬಂತು. "ಘನ ಅಂತ ಸ್ಪಷ್ಟವಾಯಿತು ಸರ್. ಆದರೆ ಶೇಷ ಅನ್ನುವಾಗ ಎರಡನೆಯದೂ ಶ ಥರಾನೇ ಕೇಳುತ್ತೆ." ಹಾಸಿಗೆಗಳನ್ನು ಇನ್ನಷ್ಟು ಒತ್ತಿ ನಿಲ್ಲಿಸಿ ಮೂರನೆಯ ಸಲ ಮುದ್ರಿಸಿದೆ, ಮೈಕ್ ಬದಲಿಸಿಯೂ ನೋಡಿದೆ. ಅದು ಕೊಠಡಿಯ ದೋಷವಾಗಿರಲಿಲ್ಲ, ನನ್ನ ನಾಲಗೆಯದೇ ಆಗಿತ್ತು.