ಉಮೇದುವಾರನ ಕೋಪ

ಆತ್ಮಕಥೆ ಬರೆಯಲು ಕಾರಣಗಳು ಹಲವು. ಮುಪ್ಪಿನಲ್ಲಿ ಹಿಂದಿರುಗಿ ನೋಡುವ ಸುಖಕ್ಕಾಗಿ ಬರೆಯುವವರುಂಟು. ಮೊಮ್ಮಕ್ಕಳಿಗೆ ತಿಳಿದಿರಲಿ ಎಂದು ಬರೆಯುವವರುಂಟು. ಹಗೆಗಳ ಬಾಯಿ ಮುಚ್ಚಿಸುವುದಕ್ಕೆಂದೇ ಬರೆಯುವವರೂ ಉಂಟು. ಇವರೆಲ್ಲರ ಮುಂದೆ ಕುಳಿತಿರುವ ಓದುಗ ಬರಿಯ ಕೇಳುಗ. ಚುನಾವಣೆಗೆ ನಿಂತವನು, ನಿಲ್ಲಬೇಕೆಂದಿರುವವನು ಬರೆಯುವ ಆತ್ಮಕಥೆಯ ಮಾತು ಬೇರೆ. ಅಲ್ಲಿ ಓದುಗನೇ ಮತದಾರ. ಅವನು ಮೆಚ್ಚಿದರೆ ಸಾಲದು, ನಂಬಬೇಕು. ಇಂತಹ ಪುಸ್ತಕಗಳನ್ನು ಪ್ರಚಾರ ಸಾಹಿತ್ಯವೆಂದು ವಿಮರ್ಶಕರು ಪಕ್ಕಕ್ಕಿಡುವುದು ವಾಡಿಕೆ. ಹಾಗಿಡುವುದು ಸರಿಯಲ್ಲವೆಂದು ನನಗೆ ತೋರುತ್ತದೆ. ಒಂದು ಸಮಾಜ ತನ್ನ ಅಲ್ಪಸಂಖ್ಯಾತರಿಂದ ಏನನ್ನು ಕೇಳುತ್ತದೆ ಎಂಬುದು ಕಾನೂನಿನ ಪುಸ್ತಕದಲ್ಲಿ ಸಿಕ್ಕುವುದಿಲ್ಲ. ಆ ಅಲ್ಪಸಂಖ್ಯಾತರು ಮತ ಕೇಳುವಾಗ ಬಳಸುವ ಗದ್ಯದಲ್ಲಿ ಸಿಕ್ಕುತ್ತದೆ.

ಈ ದೃಷ್ಟಿಯಿಂದ ಅಮೆರಿಕದ ಕೆಲವು ರಾಜಕಾರಣಿಗಳ ಆತ್ಮಕಥೆಗಳನ್ನು ಒಂದರ ಹಿಂದೆ ಒಂದರಂತೆ ಓದಿದೆ. ಬರೆದವರು ಯಾರೂ ಬಿಳಿಯರಲ್ಲ. ಅವರ ಶೈಲಿ ಬೇರೆ, ಕಾಲ ಬೇರೆ, ಯೋಗ್ಯತೆ ಬೇರೆ. ಆದರೂ ಎಲ್ಲರನ್ನೂ ಕಾಡಿದ ತೊಡಕು ಒಂದೇ: ಕೋಪವನ್ನು ಏನು ಮಾಡುವುದು?

ಬಡವನ ಕೋಪ ದವಡೆಗೆ ಮೂಲವೆಂದು ನಮ್ಮ ಗಾದೆ ಹೇಳುತ್ತದೆ. ಬಿಳಿಯ ಉಮೇದುವಾರ ವೇದಿಕೆಯ ಮೇಲೆ ಮೇಜು ಗುದ್ದಿದರೆ ಅವನು ಧೀರ, ಜನರ ನೋವನ್ನು ಬಲ್ಲವನು. ಅದೇ ಮೇಜನ್ನು ಕಪ್ಪು ಮನುಷ್ಯ ಗುದ್ದಿದರೆ, ಇವರ ಕುಲವೇ ಹೀಗೆ, ಇವರ ಕೈಯಲ್ಲಿ ಅಧಿಕಾರ ಕೊಡುವುದು ಹೇಗೆ ಎಂಬ ಮಾತು ಹುಟ್ಟುತ್ತದೆ. ಹಳ್ಳಿಯ ಸಾಹುಕಾರನ ಮನೆಯಲ್ಲಿ ಕೊಡುವುದಕ್ಕೊಂದು, ತೆಗೆದುಕೊಳ್ಳುವುದಕ್ಕೊಂದು ಎಂದು ಎರಡು ಕೊಳಗಗಳಿರುತ್ತಿದ್ದ ಕಥೆಯನ್ನು ಹಿರಿಯರಿಂದ ಕೇಳಿದ್ದೇವೆ. ಆ ದೇಶದ ಚುನಾವಣಾ ಕಣದಲ್ಲಿಯೂ ಎರಡು ಕೊಳಗಗಳುಂಟು.

ದಲೀಪ್ ಸಿಂಗ್ ಸೌಂದ್ ಅವರ 'ಕಾಂಗ್ರೆಸ್‌ಮನ್ ಫ್ರಂ ಇಂಡಿಯ' 1960ರಲ್ಲಿ ಅಚ್ಚಾದ ಪುಸ್ತಕ. ಸೌಂದ್ 1899ರಲ್ಲಿ ಪಂಜಾಬಿನಲ್ಲಿ ಹುಟ್ಟಿ, 1920ರಲ್ಲಿ ಕ್ಯಾಲಿಫೋರ್ನಿಯಕ್ಕೆ ಹೋಗಿ, ಬರ್ಕ್ಲಿಯಲ್ಲಿ ಓದಿ, ಗಣಿತದಲ್ಲಿ ಡಾಕ್ಟರೇಟು ಪಡೆದವರು. ಪದವಿ ಕೈಗೆ ಬಂತು, ತಕ್ಕ ಕೆಲಸ ಬರಲಿಲ್ಲ. ಇಂಪೀರಿಯಲ್ ಕಣಿವೆಗೆ ಹೋಗಿ ಹತ್ತಿ ಬಿಡಿಸುವ ಆಳುಗಳ ಮೇಸ್ತ್ರಿಯಾದರು, ಆಮೇಲೆ ಬೇಸಾಯ. ಭಾರತೀಯರು ಕಾನೂನಿನ ಅರ್ಥದಲ್ಲಿ ಬಿಳಿಯರಲ್ಲ, ಆದಕಾರಣ ಅಮೆರಿಕದ ಪೌರರಾಗಲು ಅರ್ಹರಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟು 1923ರಲ್ಲಿ, ಭಗತ್ ಸಿಂಗ್ ಥಿಂದ್ ಅವರ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತ್ತು. ಪೌರತ್ವಕ್ಕೆ ಅರ್ಹನಲ್ಲದವನು ಕ್ಯಾಲಿಫೋರ್ನಿಯದಲ್ಲಿ ತನ್ನ ಹೆಸರಿನಲ್ಲಿ ಹೊಲವನ್ನೂ ಕೊಳ್ಳುವಂತಿರಲಿಲ್ಲ. 1946ರಲ್ಲಿ ಕಾನೂನು ಬದಲಾಯಿತು. ಅದಕ್ಕಾಗಿ ದುಡಿದವರಲ್ಲಿ ಸೌಂದ್ ಅವರೂ ಒಬ್ಬರು. 1949ರ ಡಿಸೆಂಬರಿನಲ್ಲಿ ಅವರು ಪೌರರಾದರು. ಮರುವರ್ಷವೇ ವೆಸ್ಟ್‌ಮೋರ್ಲೆಂಡ್ ಎಂಬ ಊರಿನ ನ್ಯಾಯಾಧೀಶನ ಹುದ್ದೆಗೆ ನಿಂತು ಗೆದ್ದರು. ಪೌರತ್ವಕ್ಕೆ ವರ್ಷ ತುಂಬಿಲ್ಲವೆಂದು ಆ ಹುದ್ದೆ ಅವರಿಗೆ ಸಿಕ್ಕಲಿಲ್ಲ. 1952ರಲ್ಲಿ ಮತ್ತೆ ನಿಂತು ಮತ್ತೆ ಗೆದ್ದರು. 1956ರಲ್ಲಿ ಸುಪ್ರಸಿದ್ಧ ವಿಮಾನ ಚಾಲಕಿ ಜಾಕ್ಲಿನ್ ಕಾಕ್ರನ್ ಅವರನ್ನು ಸೋಲಿಸಿ ಪ್ರತಿನಿಧಿ ಸಭೆಗೆ ಹೋದರು. ಏಷ್ಯದಲ್ಲಿ ಹುಟ್ಟಿದವನೊಬ್ಬ ಮತದಾನದ ಹಕ್ಕುಳ್ಳ ಸದಸ್ಯನಾಗಿ ಆ ಸಭೆಯಲ್ಲಿ ಕುಳಿತದ್ದು ಅದೇ ಮೊದಲು.

ಇಷ್ಟು ಕಹಿಯನ್ನು ನುಂಗಿದವರ ಪುಸ್ತಕದಲ್ಲಿ ಕಹಿಯಿಲ್ಲವೆಂಬುದೇ ಅಚ್ಚರಿ. ನ್ಯಾಯಾಧೀಶನ ಹುದ್ದೆಗೆ ನಿಂತಾಗ ನಡೆದ ಒಂದು ಪ್ರಸಂಗವನ್ನು ಸೌಂದ್ ಹೇಳುತ್ತಾರೆ. ನೀವು ಗೆದ್ದರೆ ನಿಮ್ಮ ಕೋರ್ಟಿಗೆ ಬರಲು ಬೇಕಾದ ಪೇಟಗಳನ್ನು ನೀವೇ ಒದಗಿಸುವಿರೋ ನಾವೇ ಕೊಳ್ಳಬೇಕೋ ಎಂದು ಊರಿನವನೊಬ್ಬ ಎಲ್ಲರೆದುರಿಗೆ ಕೇಳಿದನಂತೆ. ಪೇಟವನ್ನು ಬಿಟ್ಟು ಎಷ್ಟೋ ಕಾಲವಾಗಿದ್ದ ಸೌಂದ್ ಕೊಟ್ಟ ಉತ್ತರದ ತಾತ್ಪರ್ಯ, ತಲೆಯ ಮೇಲೆ ಏನಿದ್ದರೂ ತನ್ನ ಅಡ್ಡಿಯಿಲ್ಲ, ತಲೆಯ ಒಳಗೆ ಏನಿದೆಯೆಂಬುದು ಮುಖ್ಯ ಎಂದು. ಎಲ್ಲರೂ ನಕ್ಕರು. ಜಾಣ ಉತ್ತರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಎರಡನೆಯ ಸಲ ಓದಿದಾಗ ನನಗೆ ನಗು ಬರಲಿಲ್ಲ. ಆ ಮಾತಿಗೆ ಅವರು ಮುಖ ಕೆಂಪು ಮಾಡಿಕೊಂಡಿದ್ದರೆ ಏನಾಗುತ್ತಿತ್ತು? ಕೇಳಿದವನ ಅಸಭ್ಯತೆಯನ್ನು ಯಾರೂ ನೆನೆಯುತ್ತಿರಲಿಲ್ಲ. ಸಿಖ್ಖರು ಮುಂಗೋಪಿಗಳು ಎಂಬುದು ಮಾತ್ರ ಉಳಿಯುತ್ತಿತ್ತು. ನಗು ಅವರ ಗುಣವಾಗಿದ್ದಿರಬಹುದು. ಅವರು ತೆತ್ತ ಸುಂಕವೂ ಹೌದು.

ಪುಸ್ತಕದ ಹೆಸರನ್ನೇ ನೋಡಿ. ಅವರನ್ನು ಆರಿಸಿದ್ದು ಕ್ಯಾಲಿಫೋರ್ನಿಯದ ರಿವರ್‌ಸೈಡ್ ಮತ್ತು ಇಂಪೀರಿಯಲ್ ಜಿಲ್ಲೆಗಳ ಜನ. ಹೊದಿಕೆಯ ಮೇಲೆ ಮಾತ್ರ ಅವರು ಇಂಡಿಯದ ಸದಸ್ಯ. ಇದೇ ಲೇಖಕ 1930ರಲ್ಲಿ ಸ್ಟಾಕ್ಟನ್ನಿನ ಸಿಖ್ಖರ ಸಂಸ್ಥೆಗಾಗಿ 'ಮೈ ಮದರ್ ಇಂಡಿಯ' ಎಂಬ ಗ್ರಂಥವನ್ನು ಬರೆದು, ನಮ್ಮ ದೇಶವನ್ನು ಹೀಗಳೆದ ಕ್ಯಾಥರಿನ್ ಮೇಯೋ ಅವರ ಪುಸ್ತಕಕ್ಕೆ ಉತ್ತರ ಕೊಟ್ಟಿದ್ದರು. ಅಲ್ಲಿ ವಾದಿಸುವ ಹುಮ್ಮಸ್ಸಿದೆ, ಎದುರಾಳಿಯ ಮುಖ ನೋಡಿ ಆಡಿದ ಮಾತಿದೆ. ಮೂವತ್ತು ವರ್ಷಗಳಾದ ಮೇಲೆ ಬಂದ ಆತ್ಮಕಥೆಯಲ್ಲಿ ಕೃತಜ್ಞತೆಯೇ ಪ್ರಧಾನ ರಸ. ವಯಸ್ಸು ಮಾಗಿದ್ದರ ಫಲ ಎನ್ನಬಹುದು. ಮೊದಲನೆಯದನ್ನು ಬರೆದವನಿಗೆ ಮತ ಕೇಳುವ ಹಕ್ಕಿರಲಿಲ್ಲ, ಎರಡನೆಯದನ್ನು ಬರೆದವನು ಮತ ಕೇಳುತ್ತಿದ್ದ ಎಂಬುದನ್ನೂ ಮರೆಯಬಾರದು.

ಇದಕ್ಕೆ ತೀರ ವಿರುದ್ಧವಾದುದು ಶರ್ಲಿ ಚಿಸಮ್ ಅವರ ಮಾರ್ಗ. 1968ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ನಿನಿಂದ ಆರಿಸಿಬಂದ ಈಕೆ ಅಮೆರಿಕದ ಪ್ರತಿನಿಧಿ ಸಭೆಯನ್ನು ಸೇರಿದ ಮೊದಲ ಕಪ್ಪು ಮಹಿಳೆ. 1970ರ 'ಅನ್‌ಬಾಟ್ ಅಂಡ್ ಅನ್‌ಬಾಸ್ಡ್', 1973ರ 'ದಿ ಗುಡ್ ಫೈಟ್' ಆಕೆಯ ಎರಡು ಪುಸ್ತಕಗಳು. ಮೊದಲನೆಯದರ ಹೆಸರು ಚುನಾವಣೆಯಲ್ಲಿ ಆಕೆ ಹಿಡಿದ ಘೋಷಣೆಯೇ: ತನ್ನನ್ನು ಕೊಂಡವರಿಲ್ಲ, ತನಗೆ ಯಜಮಾನರಿಲ್ಲ. ವಾಕ್ಯಗಳು ಗಿಡ್ಡ, ಒಂದೊಂದೂ ಬಾಗಿಲು ತಟ್ಟಿದಂತೆ. ಓದುಗನನ್ನು ಓಲೈಸುವುದಿಲ್ಲ, ಒಪ್ಪುವುದಾದರೆ ಒಪ್ಪು, ಇಲ್ಲವಾದರೆ ಬಿಡು ಎಂಬ ಧಾಟಿ.

ಆಕೆಗೆ ಎದುರಾದ ಅಳತೆಗೋಲು ಬಿಳಿಯರದು ಮಾತ್ರವಾಗಿರಲಿಲ್ಲ. 1968ರಲ್ಲಿ ಎದುರು ನಿಂತವರು ಜೇಮ್ಸ್ ಫಾರ್ಮರ್. ಕಪ್ಪು ಜನರ ಹಕ್ಕಿಗಾಗಿ ಸೆರೆಮನೆ ಕಂಡ ಹಿರಿಯರು. ಅವರ ಪಕ್ಷದ ಪ್ರಚಾರ, ನಮ್ಮ ಜನಕ್ಕೀಗ ಬೇಕಾದುದು ಗಂಡಸಿನ ದನಿ ಎಂಬ ಜಾಡನ್ನು ಹಿಡಿಯಿತು. 1972ರಲ್ಲಿ ಆಕೆ ಅಧ್ಯಕ್ಷ ಪದವಿಗೆ ಡೆಮೊಕ್ರಾಟಿಕ್ ಪಕ್ಷದ ಉಮೇದುವಾರಿಕೆಯನ್ನು ಬಯಸಿದಾಗ, ಕಪ್ಪು ಮುಖಂಡರಲ್ಲಿ ಹಲವರು ಆಕೆ ಹೆಂಗಸೆಂದು ಹಿಂಜರಿದರು. ಮಹಿಳಾ ಮುಖಂಡರಲ್ಲಿ ಹಲವರು ಗೆಲ್ಲುವ ಕುದುರೆಯಲ್ಲವೆಂದು ಹಿಂಜರಿದರು. ದೂರದರ್ಶನದ ಚರ್ಚೆಯಲ್ಲಿ ಜಾಗ ಪಡೆಯಲೂ ದೂರು ಕೊಟ್ಟು ಹೋರಾಡಬೇಕಾಯಿತು. ಗಂಭೀರ ಉಮೇದುವಾರಳಲ್ಲ ಎಂಬುದೇ ಎಲ್ಲರ ಬಾಯಿಮಾತು. ಗಂಭೀರವಾಗಿ ತೆಗೆದುಕೊಳ್ಳಲು ಒಪ್ಪದವರೇ ಗಾಂಭೀರ್ಯ ಸಾಲದೆಂದು ದೂರುವ ಈ ತರ್ಕದ ಸೊಗಸನ್ನು ಏನೆಂದು ಹೊಗಳೋಣ! ಮಯಾಮಿಯ ಅಧಿವೇಶನದಲ್ಲಿ ಆಕೆಗೆ ದೊರೆತವು 152 ಮತಗಳು. ಆ ವರ್ಷದ ಮೇ ತಿಂಗಳಲ್ಲಿ ಜಾರ್ಜ್ ವಾಲೇಸ್ ಗುಂಡೇಟು ತಿಂದು ಮಲಗಿದಾಗ, ವರ್ಣಭೇದವನ್ನು ಎತ್ತಿಹಿಡಿದ ಆ ಎದುರಾಳಿಯನ್ನು ನೋಡಲು ಆಕೆ ಆಸ್ಪತ್ರೆಗೆ ಹೋದರು. ಸ್ವಂತ ಬೆಂಬಲಿಗರೇ ಸಿಟ್ಟಾದರು. ಕೋಪವನ್ನು ಬಚ್ಚಿಡದವರಿಗೆ ಕರುಣೆಯನ್ನೂ ಬಚ್ಚಿಡಬೇಕಾಗಿ ಬರುವುದಿಲ್ಲ. ಚಿಸಮ್ ಅವರ ಗದ್ಯದ ಜೀವ ಇಲ್ಲಿದೆ ಎಂದು ನನ್ನ ಮತ.

ಬರಾಕ್ ಒಬಾಮ ಇವರೆಲ್ಲರಿಗಿಂತ ದೊಡ್ಡ ಬರಹಗಾರರು. ಆದುದರಿಂದ ಅವರ ಪುಸ್ತಕಗಳಲ್ಲಿ ಹಾನಿಯೂ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. 1995ರ 'ಡ್ರೀಮ್ಸ್ ಫ್ರಂ ಮೈ ಫಾದರ್' ಬರೆಯುವಾಗ ಅವರಿನ್ನೂ ಯಾವ ಚುನಾವಣೆಗೂ ನಿಂತಿರಲಿಲ್ಲ. ಅದರಲ್ಲಿ ತಾರುಣ್ಯದ ಮಾದಕ ವಸ್ತುಗಳ ಚಟವಿದೆ, ಕಾಣದ ತಂದೆಯ ಮೇಲಿನ ಮುನಿಸಿದೆ, ತಾನು ಯಾರವನೆಂಬ ಬಿಡಿಸಲಾಗದ ಗಂಟಿದೆ. 2006ರ 'ದಿ ಅಡಾಸಿಟಿ ಆಫ್ ಹೋಪ್' ಸೆನೆಟರ್ ಒಬಾಮರದು. ಅಲ್ಲಿ ಎಡಕ್ಕೊಂದು ಮಾತು ಇಟ್ಟರೆ ತೂಗಲು ಬಲಕ್ಕೊಂದು ಮಾತು. ವಾಕ್ಯಗಳು ತಕ್ಕಡಿ ಹಿಡಿದ ವರ್ತಕನಂತೆ ನಡೆಯುತ್ತವೆ.

ಈ ಎಚ್ಚರಿಕೆ ಪುಕ್ಕಲುತನವಲ್ಲ. 2000ದಲ್ಲಿ ಷಿಕಾಗೋದಲ್ಲಿ ಬಾಬಿ ರಷ್ ಅವರೆದುರು ನಿಂತಾಗ ಇವನು ಸಾಕಷ್ಟು ಕಪ್ಪಲ್ಲ ಎಂದರು. 2008ರಲ್ಲಿ ಅವರ ಚರ್ಚಿನ ಪಾದ್ರಿ ಜೆರೆಮಿಯಾ ರೈಟ್ ಅವರ ಉಗ್ರ ಭಾಷಣಗಳು ಹೊರಬಿದ್ದಾಗ ಇವನು ಅತಿಯಾಗಿ ಕಪ್ಪು ಎಂದರು. ಅತ್ತ ದರಿ, ಇತ್ತ ಹುಲಿ. ಹುಟ್ಟಿನ ವಿಷಯವನ್ನಂತೂ ಕೇಳುವುದೇ ಬೇಡ. 2008ರ ಎದುರಾಳಿ ಜಾನ್ ಮೆಕೇನ್ ಹುಟ್ಟಿದ್ದು ಪನಾಮ ಕಾಲುವೆಯ ವಲಯದಲ್ಲಿ. ಅವರ ಅರ್ಹತೆಯ ಪ್ರಶ್ನೆಯೆದ್ದಾಗ ಅವರು ಹುಟ್ಟುಪೌರರೇ ಎಂದು ಸೆನೆಟ್ ಆ ಏಪ್ರಿಲ್‌ನಲ್ಲಿ ನಿರ್ಣಯ ಮಾಡಿತು. ಒಬಾಮ ಕೂಡ ಅದರ ಸಹಮಂಡಕರಲ್ಲೊಬ್ಬರು. ಹೊನೊಲುಲುವಿನಲ್ಲಿ ಹುಟ್ಟಿದ ಒಬಾಮ ಮಾತ್ರ, ಅಧ್ಯಕ್ಷರಾಗಿ ಎರಡು ವರ್ಷ ಕಳೆದ ಮೇಲೂ, 2011ರ ಏಪ್ರಿಲ್‌ನಲ್ಲಿ ತಮ್ಮ ಪೂರ್ಣ ಜನನಪತ್ರವನ್ನು ಲೋಕಕ್ಕೆ ತೋರಿಸಬೇಕಾಯಿತು. ಎರಡು ಕೊಳಗಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟು ನೋಡಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಕ್ಕದು.

ಕೋಪದ ಬೆಲೆ ಎಷ್ಟೆಂಬುದು ಗೊತ್ತಾದದ್ದು 2009ರ ಜುಲೈನಲ್ಲಿ. ಹಾರ್ವರ್ಡಿನ ಪ್ರಾಧ್ಯಾಪಕ ಹೆನ್ರಿ ಲೂಯಿ ಗೇಟ್ಸ್ ಅವರನ್ನು ಅವರ ಮನೆಯಲ್ಲಿಯೇ ಪೊಲೀಸರು ಬಂಧಿಸಿದಾಗ, ಪೊಲೀಸರು ದಡ್ಡತನ ಮಾಡಿದರೆಂದು ಒಬಾಮ ಅಂದರು. ಅಷ್ಟಕ್ಕೇ ಬಿಳಿಯರಲ್ಲಿ ಅವರಿಗಿದ್ದ ಬೆಂಬಲ ಎಷ್ಟು ಕುಸಿಯಿತೆಂಬುದನ್ನು 2020ರ 'ಎ ಪ್ರಾಮಿಸ್ಡ್ ಲ್ಯಾಂಡ್'ನಲ್ಲಿ ಅವರೇ ಹೇಳಿದ್ದಾರೆ. ಪದವಿಯಿಂದ ಇಳಿದ ಮೇಲೆ ಬರೆದ ಈ ಪುಟಗಳಲ್ಲಿ ಹಳೆಯ ಬರಹಗಾರ ಮತ್ತೆ ಇಣುಕುತ್ತಾನೆ. ಮತ ಕೇಳುವುದು ನಿಂತಿತು, ಗದ್ಯ ಉಸಿರಾಡಿತು.

ನಗಲೇಬೇಕಾದ ಸೌಂದ್ ಅವರಿಂದ ಹೊರಟರೆ, ನಕ್ಕದ್ದಕ್ಕೇ ಹಾಸ್ಯಕ್ಕೀಡಾದ ಕಮಲಾ ಹ್ಯಾರಿಸ್ ಅವರನ್ನು ಮುಟ್ಟುತ್ತೇವೆ. 2024ರ ಚುನಾವಣೆಯಲ್ಲಿ ಆಕೆಯ ನಗುವನ್ನೇ ಎದುರಾಳಿ ಡೊನಾಲ್ಡ್ ಟ್ರಂಪ್ ಹೀಯಾಳಿಸಿದರು; ಇಂಡಿಯದವಳಾಗಿದ್ದವಳು ಇದ್ದಕ್ಕಿದ್ದಂತೆ ಕಪ್ಪಾದಳು ಎಂದೂ ಅಂದರು. ತಾಯಿ ಮದರಾಸಿನವರು, ತಂದೆ ಜಮೈಕದವರು ಎಂಬುದರಲ್ಲಿ ಗುಟ್ಟೇನೂ ಇರಲಿಲ್ಲ. ಸೋತ ಮೇಲೆ 2025ರಲ್ಲಿ ಆಕೆ ಬರೆದ '107 ಡೇಸ್'ನಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಭಾಗ ಬೇರೆ. ಉಪಾಧ್ಯಕ್ಷ ಸ್ಥಾನಕ್ಕೆ ಆಕೆಯ ಮನಸ್ಸಿನಲ್ಲಿ ಮೊದಲಿದ್ದವರು ಪೀಟ್ ಬೂಟಿಜೆಜ್. ಅವರು ಸಮಲಿಂಗಿ. ತಾನು ಕಪ್ಪು ಹೆಂಗಸು, ತನ್ನ ಗಂಡ ಯಹೂದಿ. ಇದರ ಮೇಲೆ ಇದನ್ನೂ ಹೊರಿಸಿದರೆ ಜನ ತಾಳಲಾರರೆಂದು ಅವರನ್ನು ಕೈಬಿಟ್ಟರಂತೆ. ಜನರ ಮೇಲೆ ಇನ್ನಷ್ಟು ನಂಬಿಕೆ ಇಡಬಹುದಿತ್ತೆಂಬುದು ಬೂಟಿಜೆಜ್ ಅವರ ಉತ್ತರ. ತನ್ನನ್ನು ಅಳೆದು ನೋಯಿಸಿದ ಕೊಳಗವನ್ನು ಉಮೇದುವಾರಳೇ ಕೈಗೆತ್ತಿಕೊಂಡು ಇನ್ನೊಬ್ಬರನ್ನು ಅಳೆದ ಗಳಿಗೆ ಅದು. ಲೆಕ್ಕ ತಪ್ಪೋ ಸರಿಯೋ, ಬಚ್ಚಿಡದೆ ಬರೆದದ್ದು ಆಕೆಯ ಹೆಚ್ಚಳ.

ಒಂದು ಆಕ್ಷೇಪಕ್ಕೆ ಸಮಾಧಾನ ಹೇಳಬೇಕು. ರಾಜಕಾರಣಿಗಳೆಲ್ಲರೂ ಮುಖವಾಡ ಹಾಕುವವರೇ, ಇವರ ಮೇಲೇಕೆ ವಿಶೇಷ ಮರುಕ ಎನ್ನಬಹುದು. ನಿಜ, ಎಲ್ಲರೂ ಹಾಕುತ್ತಾರೆ. ಬಹುಸಂಖ್ಯಾತರ ಉಮೇದುವಾರ ತನ್ನ ಮುಖವಾಡವನ್ನು ತಾನೇ ಆರಿಸಿಕೊಳ್ಳುತ್ತಾನೆ. ರೈತನ ಮಗನೋ ಸೈನಿಕನೋ ಆಗುವುದು ಅವನ ಇಷ್ಟ. ಉಳಿದವನಿಗೆ ಅದನ್ನು ಬೇರೆಯವರು ಮಾಡಿಟ್ಟಿರುತ್ತಾರೆ. ಅದು ತನ್ನ ಮುಖವಲ್ಲವೆಂದು ರುಜುವಾತು ಮಾಡುವುದರಲ್ಲಿಯೇ ಅವನ ಅರ್ಧ ಪುಸ್ತಕ ಮುಗಿಯುತ್ತದೆ.

ನಾವು ದೂರದಲ್ಲಿ ನಿಂತು ತಲೆದೂಗುವ ಪ್ರೇಕ್ಷಕರು ಮಾತ್ರವೇ? ಹ್ಯಾರಿಸ್ ಗೆಲ್ಲಲೆಂದು ತಮಿಳುನಾಡಿನ ತುಳಸೇಂದ್ರಪುರದಲ್ಲಿ ಪೂಜೆ ನಡೆಯಿತು. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2022ರಲ್ಲಿ ಡೆಟ್ರಾಯಿಟಿನಿಂದ ಪ್ರತಿನಿಧಿ ಸಭೆಗೆ ಆರಿಸಿಬಂದಾಗ ನಾವೂ ಹಿಗ್ಗಿದೆವು. ಹಿಗ್ಗಲಿ, ತಪ್ಪಿಲ್ಲ. ಆದರೆ ಆ ಹಿಗ್ಗು ಅವರು ಹೇಳಿದ್ದಕ್ಕಲ್ಲ, ಮಾಡಿದ್ದಕ್ಕಲ್ಲ, ಹುಟ್ಟಿದ್ದಕ್ಕೆ. ಹುಟ್ಟನ್ನು ನೋಡಿ ಹೊಗಳುವವನೂ ಹುಟ್ಟನ್ನು ನೋಡಿ ತೆಗಳುವವನೂ ಹಿಡಿದಿರುವ ಕೊಳಗ ಒಂದೇ. ನಮ್ಮ ಚುನಾವಣೆಗಳಲ್ಲಿ ಉಮೇದುವಾರನ ಹೆಸರು ಕೇಳಿದೊಡನೆ ನಾವು ಕೇಳುವ ಎರಡನೆಯ ಪ್ರಶ್ನೆ ಯಾವುದೆಂಬುದನ್ನು ವಾಚಕರಿಗೆ ನಾನು ಹೇಳಿಕೊಡಬೇಕಾಗಿಲ್ಲ.

ಈ ಪುಸ್ತಕಗಳಲ್ಲಿ ಒಂದನ್ನೇ ಓದಲು ಬಿಡುವಿರುವವರು ಚಿಸಮ್ ಅವರ 'ದಿ ಗುಡ್ ಫೈಟ್' ಓದಲಿ. ಅದು ಸೋತವರ ಪುಸ್ತಕ. ಗೆಲ್ಲುವ ಭರವಸೆ ಇಲ್ಲದಿದ್ದರೂ ನಿಂತದ್ದೇಕೆಂದು ತಿಳಿಸುವ ಪುಸ್ತಕ. ಉಳಿದವರ ಪುಟಗಳಲ್ಲಿ ನಾವು ಕಾಣುವುದು ಮನುಷ್ಯನು ಕೋಪವನ್ನು ಎಷ್ಟು ಚೆನ್ನಾಗಿ ಅಡಗಿಸಬಲ್ಲ ಎಂಬುದನ್ನು. ಅಡಗಿಸದೆ ಇದ್ದರೆ ಅವನ ಮಾತು ಹೇಗೆ ಕೇಳಿಸುತ್ತಿತ್ತೆಂಬುದು ತಿಳಿಯಬೇಕಾದರೆ ಇದನ್ನೇ ಓದಬೇಕು.